ರಾಣಿಯನ್ನು ಸುಟ್ಟ ಭಾನುವಾರ

ನಮ್ಮ ಮನೆಯ ಟಿವಿ ರಿಮೋಟಿನ ಪಕ್ಕದಲ್ಲಿ ಒಂದು ಕೆಂಪು ಪೆನ್ನು, ಇನ್ನೂರು ಪುಟದ ಒಂದು ನೋಟ್‌ಬುಕ್ಕು ಬಿದ್ದಿವೆ. ಮೊನ್ನೆ ಧೂಳು ಒರೆಸುವಾಗ ಕೈಗೆ ಸಿಕ್ಕವು. ಪೆನ್ನು ಒಣಗಿದೆ. ಬುಕ್ಕಿನ ರಟ್ಟಿನ ಮೇಲೆ ನನ್ನದೇ ದುಂಡಕ್ಷರದಲ್ಲಿ ‘ಕಲ್ಲುಕೋಟೆ ರಾಣಿ: ತಪ್ಪುಗಳು’ ಎಂದಿದೆ. ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ನಾನು ಧಾರಾವಾಹಿ ನೋಡುವ ಹೆಂಗಸಲ್ಲ. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟವಳು, ಅದರಲ್ಲಿ ಹದಿನಾಲ್ಕು ವರ್ಷ ಗುಬ್ಬಿ ಹತ್ತಿರದ ಕಡಬದಲ್ಲಿ. ತಪ್ಪು ಕಂಡರೆ ಗೀಟು ಎಳೆಯದೆ ಇರಲಾರೆ ಎಂಬ ಒಂದೇ ಕಾರಣಕ್ಕೆ ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ ಏಳಕ್ಕೆ ಸರಿಯಾಗಿ, ಒಂದು ದಿನವೂ ತಪ್ಪಿಸದೆ ಟಿವಿಯ ಮುಂದೆ ಕೂತಿದ್ದೇನೆ. ಕರೆಂಟು ಹೋದ ದಿನ ಮೊಬೈಲಿನಲ್ಲಿ ನೋಡಿದ್ದೂ ಇದೇ ಕರ್ತವ್ಯಪ್ರಜ್ಞೆಯಿಂದ. ನಮ್ಮ ಮನೆಯವರು ಇದನ್ನು ನಂಬುವುದಿಲ್ಲ. ಅವರು ರಿಟೈರಾದ ಸರ್ವೇಯರು, ಸರಪಳಿ ಹಿಡಿದು ಅಳೆಯದೆ ಯಾವುದನ್ನೂ ಒಪ್ಪಿದವರಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಟೊಮ್ಯಾಟೊ ಇದೆ. ಮುನ್ನೂರು ವರ್ಷದ ಹಿಂದಿನ ಪಾಳೆಯಗಾರರ ಅಡುಗೆಮನೆ. ರಾಣಿಯ ಅತ್ತೆ ಮಣೆ ಹಾಕಿಕೊಂಡು ಕೂತು, ಟೊಮ್ಯಾಟೊ ಹೆಚ್ಚುತ್ತಾ, ಸೊಸೆಗೆ ವಿಷ ಹಾಕುವ ಸಂಚು ಹೂಡುತ್ತಾಳೆ. ಮುಂದಿನ ಪುಟದಲ್ಲಿ ರವಿಕೆಯ ಬೆನ್ನಿಗೆ ಜಿಪ್ಪು. ಅದರ ಮುಂದೆ ಕೋಟೆ ಬುರುಜಿನ ಹಿಂದೆ ಮೊಬೈಲ್ ಟವರು. ಇನ್ನೊಂದು ಕಡೆ, ಯುದ್ಧಕ್ಕೆ ಹೊರಟ ದಳವಾಯಿ ಕುದುರೆ ಏರುತ್ತಾ ‘ಟೈಮಾಯ್ತು’ ಅನ್ನುತ್ತಾನೆ. ಹೀಗೆ ನೂರಾ ಎಪ್ಪತ್ತು ಪುಟ ತುಂಬಿದೆ. ನೋಡುವವರಿಗೆ ಇದರಲ್ಲಿ ಒಂದಾದರೂ ಕಂಡಿತೇ? ಮಹಡಿ ಮೇಲಿನ ವಿಮಲಮ್ಮ, ಅಂದರೆ ನಮ್ಮ ಮನೆ ಓನರಮ್ಮ, ದಿನಾ ಕೆಳಗಿಳಿದು ಬಂದು ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ನಾನು ಟೊಮ್ಯಾಟೊ ತೋರಿಸಿದೆ.

“ಟೊಮ್ಯಾಟೊ ಬುಡಿ ಮೇಡಂ,” ಅಂದರು. “ಆ ಅತ್ತೆ ಮುಖ ನೋಡಿ. ಥೇಟು ನಮ್ಮ ನಾದಿನಿ.”

ಇವರಿಗೆ ಚರಿತ್ರೆ ಬೇಕಾಗಿದ್ದೇ ನಾದಿನಿಯನ್ನು ಹುಡುಕುವುದಕ್ಕೆ. ತುಮಕೂರಿನ ಬಟವಾಡಿಯಲ್ಲಿ ನಮ್ಮ ಬೀದಿಯ ಉದ್ದಕ್ಕೂ ಏಳು ಗಂಟೆಗೆ ಧಾರಾವಾಹಿ ಶುರುವಾಗುವ ಒಂದೇ ಶಂಖದ ಸದ್ದು ಹನ್ನೆರಡು ಮನೆಗಳಿಂದ ಕೇಳುತ್ತಿತ್ತು. ಹೈವೇ ಮೇಲೆ ಹೋಗುವ ಲಾರಿಗಳ ಹಾರನ್ನೂ ಅದರಲ್ಲಿ ಮುಳುಗಿ ಹೋಗುತ್ತಿತ್ತು. ಕ್ಲಿನಿಕ್ಕಿನಲ್ಲಿ ಚೀಟಿ ಹಿಡಿದು ಕೂತ ಪೇಷೆಂಟುಗಳು ಡಾಕ್ಟರು ಕರೆದರೂ ಏಳುತ್ತಿರಲಿಲ್ಲ, ಅಡ್ವರ್ಟೈಸ್‌ಮೆಂಟು ಬರಲಿ ಎಂದು ಕಾಯುತ್ತಿದ್ದರು. ರಾಣಿಗೆ ಜ್ವರ ಬಂದ ವಾರ ದೇವರಾಯನದುರ್ಗಕ್ಕೆ ಹೋಗಿ ಅವಳ ಹೆಸರಲ್ಲಿ ಅರ್ಚನೆ ಮಾಡಿಸಿಕೊಂಡು ಬಂದ ಮಹಾತಾಯಿಯೂ ನಮ್ಮ ಬೀದಿಯಲ್ಲೇ ಇದ್ದಾಳೆ. ಗೋತ್ರ, ನಕ್ಷತ್ರ ಏನು ಹೇಳಿದಳೋ ದೇವರಿಗೇ ಗೊತ್ತು.

ನನಗೆ ಈ ತಾತ್ಸಾರ ಹೊಸದಲ್ಲ, ಗುಬ್ಬಿಯಲ್ಲಿ ಲಂಗ ಹಾಕಿಕೊಂಡು ಓಡಾಡುವ ಕಾಲದಿಂದಲೂ ಇದೆ. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಆದರೆ ಮನಸ್ಸೆಲ್ಲ ನಾಟಕದ ಕಂಪನಿಯ ಡೇರೆಯಲ್ಲಿ. ಊರಿಗೆ ಕಂಪನಿ ಬಂತೆಂದರೆ ಚಾಪೆ ಸುರುಳಿ ಮಾಡಿಕೊಂಡು ಸಂಜೆಯ ಆಟಕ್ಕೆ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗುತ್ತಿದ್ದರು. ನಮ್ಮಿಬ್ಬರನ್ನು ಅಂದರೆ ನನ್ನನ್ನು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ದಾಕ್ಷಾಯಣಿ ಅಕ್ಕನನ್ನು. ಒಂದು ನಾಟಕದಲ್ಲಿ ರಾಜ ಎದೆಗೆ ಬಾಣ ತಿಂದು, ಉದ್ದನೆಯ ಹಾಡು ಹೇಳಿ ಸತ್ತ. ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಸತ್ತ ರಾಜ ಎದ್ದು, ಕಿರೀಟ ಸರಿಮಾಡಿಕೊಂಡು, ಕೈಮುಗಿದು, ಅದೇ ಹಾಡನ್ನು ಇನ್ನೊಂದು ಸಲ ಹೇಳಿ, ಈ ಸಲ ಹಾರ್ಮೋನಿಯಮ್ಮಿನವನಿಗೆ ಎರಡಡಿ ಹತ್ತಿರದಲ್ಲಿ ಬಿದ್ದು ಸತ್ತ. ನಾನು ಅವನ ಹೊಟ್ಟೆ ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದೆ. ಅಕ್ಕ ಎರಡು ಸಲವೂ ಅತ್ತಳು. ಎರಡನೆಯ ಸಲ ಇನ್ನೂ ಜೋರಾಗಿ.

ಆಮೇಲೆ ನಮ್ಮ ಬೀದಿಗೆ ಮೊದಲ ಟಿವಿ ಬಂತು. ನಮ್ಮಜ್ಜಿ ವಾರ್ತೆ ಓದುವವನ ಎದುರು ತಲೆ ತುಂಬ ಸೆರಗು ಹೊದ್ದು, ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದಳು. ಅವನು ನಮಸ್ಕಾರ ಅಂದರೆ ಇವಳೂ ಅನ್ನುತ್ತಿದ್ದಳು. ನಾನು ನಕ್ಕರೆ ಅಕ್ಕ ತೊಡೆ ಚಿವುಟುತ್ತಿದ್ದಳು, ಅಜ್ಜಿಗೆ ಬೇಜಾರಾಗುತ್ತದೆ ಎಂದು. ಹೀಗೆ ಒಂದೇ ಮನೆಯಲ್ಲಿ ಬೆಳೆದು ಅವಳು ನಂಬುವವಳಾದಳು, ನಾನು ಗೀಟು ಎಳೆಯುವವಳಾದೆ. ಅವಳನ್ನು ಕುಣಿಗಲ್ಲಿಗೆ ಕೊಟ್ಟರು. ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು.

ಇರಲಿ, ಎಲ್ಲಿಗೋ ಹೋದೆ. ಹೇಳಬೇಕಾದದ್ದು ಆ ಭಾನುವಾರದ ವಿಷಯ. ಮೊದಲ ಸೀಸನ್ನಿನ ಕೊನೆ, ಮಹಾಸಂಚಿಕೆ, ಸಂಜೆ ಐದರಿಂದ ಏಳೂವರೆವರೆಗೆ. ವಾರದಿಂದ ಟಿವಿಯಲ್ಲಿ ‘ರಾಣಿ ಉಳಿಯುತ್ತಾಳಾ?’ ಎಂದು ಕೇಳಿ ಕೇಳಿ ನಮ್ಮ ಪ್ರಾಣ ಹಿಂಡಿದ್ದರು. ವಿಮಲಮ್ಮ ಹಿಸುಕಿದ ಬೇಳೆಗೆಂದು ನೆನೆಸಿದ ಅವರೆಕಾಳಿನ ಪಾತ್ರೆ ತಂದು ಮುಂದಿಟ್ಟುಕೊಂಡು ಕೂತರು. ನಾನು ಪೆನ್ನು ಕೊಡವಿಕೊಂಡು ಕೂತೆ. ರಾಣಿ ಉಳಿಯಲಿಲ್ಲ. ಒಂದು ಗಂಟೆ ಯುದ್ಧ ಮಾಡಿ, ಅರ್ಧ ಗಂಟೆ ಮಾತಾಡಿ, ಅತ್ತೆಯ ತೊಡೆಯ ಮೇಲೇ ಕಣ್ಣು ಮುಚ್ಚಿದಳು. ಆಮೇಲೆ ಗಂಧದ ಕಟ್ಟಿಗೆಯ ಚಿತೆ ಒಟ್ಟಿದರು. ಅವಳ ತಮ್ಮ ಕೊಳ್ಳಿ ಇಟ್ಟ. ಬೆಂಕಿ ಆಕಾಶಕ್ಕೆ ಎದ್ದಿತು, ಮೇಲಿನಿಂದ ಹೂ ಉದುರಿತು.

ವಿಮಲಮ್ಮನ ಕೈಯಲ್ಲಿದ್ದ ಅವರೆಕಾಳು ಹಾಗೇ ನಿಂತಿತು. “ಅಯ್ಯೋ ಶಿವನೇ, ಸುಟ್ಬುಟ್ರಲ್ಲ ಮೇಡಂ,” ಅಂದರು.

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಮ್ಮಲ್ಲಿ ಲಿಂಗ ಕಟ್ಟಿದವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಇಟ್ಟು, ಎಡಗೈಯಲ್ಲಿ ಅವರ ಲಿಂಗವನ್ನೇ ಇಟ್ಟು, ಗುಂಡಿಯೊಳಗೆ ಪೂಜೆಗೆ ಕೂತಂತೆ ಕೂರಿಸುತ್ತೇವೆ. ಅಯ್ಯನವರು ಮಂತ್ರ ಹೇಳುತ್ತಾರೆ. ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚುತ್ತೇವೆ. ಅಕ್ಕಂದಿರು ತಂಗಿಯರು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಸತ್ತರು ಎಂದು ಕೂಡ ಅನ್ನುವುದಿಲ್ಲ, ಲಿಂಗೈಕ್ಯರಾದರು ಅನ್ನುತ್ತೇವೆ. ಇನ್ನು ಈ ರಾಣಿ, ಮೊದಲ ದಿನದಿಂದ ಹಣೆಗೆ ಮೂರೆಳೆ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಹಾಕಿಕೊಂಡೇ ಕತ್ತಿ ಬೀಸಿದವಳು. ಅವಳನ್ನು ಸುಟ್ಟಿದ್ದರು. ಬೆಂಕಿ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂದೇ ಇರಬೇಕು. ನಾನು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಗೀಟು ಎಳೆದೆ. ಪೆನ್ನಿನ ಮೊನೆಗೆ ಕಾಗದವೇ ಹರಿಯಿತು, ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಸೋಮವಾರ ಬೆಳಗಾಗುವುದರೊಳಗೆ ತುಮಕೂರಿಗೆ ತುಮಕೂರೇ ಚರಿತ್ರೆಯ ಪಂಡಿತರಿಂದ ತುಂಬಿ ಹೋಗಿತ್ತು. ಹಾಲಿನ ಬೂತಿನಲ್ಲಿ ಅದೇ ಮಾತು, ಸಿಟಿ ಬಸ್ಸಿನಲ್ಲಿ ಅದೇ ಮಾತು. ಟೊಮ್ಯಾಟೊ ಕಾಣದವರು, ಟವರು ಕಾಣದವರು, ಕುದುರೆಯ ಕಾಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ಕಾಣದವರು, ಎಲ್ಲರೂ ಈಗ ‘ಇತಿಹಾಸಕ್ಕೆ ಅಪಚಾರ’ ಅನ್ನುತ್ತಿದ್ದರು. ಒಬ್ಬರು ಸ್ಟೇಟಸ್ಸಿಗೆ ಕಪ್ಪು ಬಣ್ಣ ಹಾಕಿದರು. ಒಬ್ಬರು ಮಧ್ಯಾಹ್ನದ ಊಟ ಬಿಟ್ಟರು, ಸಂಜೆ ಎರಡು ಪ್ಲೇಟು ತಟ್ಟೆ ಇಡ್ಲಿ ತಿನ್ನುವುದನ್ನು ನಾನೇ ನೋಡಿದೆ. ವಾಕಿಂಗ್ ಬರುವ ರಿಟೈರ್ಡ್ ಇಂಜಿನಿಯರೊಬ್ಬರು, ರಾಣಿ ನಿಜಕ್ಕೂ ಸತ್ತಿಲ್ಲ, ಸುಟ್ಟದ್ದು ಅವಳ ದಾಸಿಯನ್ನು, ಎರಡನೆಯ ಸೀಸನ್ನಿನಲ್ಲಿ ವಾಪಸ್ಸು ಬರುತ್ತಾಳೆ ಎಂದು ಕಾರಣ ಸಮೇತ ವಿವರಿಸಿದರು. ಹಾಗಾದರೆ ದಾಸಿಯನ್ನು ಸುಡಬಹುದೇ ಎಂದು ನಾನು ಕೇಳಿದೆ. ಅವರು ನಡಿಗೆ ಜೋರು ಮಾಡಿದರು.

ಎಲ್ಲರಿಗಿಂತ ಮುಂದಿದ್ದವನು ಉಮೇಶ. ಕಡಬದಲ್ಲಿ ನನ್ನ ಶಿಷ್ಯ, ಈಗ ಬಟವಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು ನಲವತ್ತು ದಾಟಿದ್ದಾನೆ. ನಾನು ಪಾಳೆಯಗಾರರ ಪಾಠ ಮಾಡುವಾಗ ಕಿಟಕಿಯಿಂದ ಕೆರೆ ಏರಿಯ ಮೇಲೆ ಹೋಗುವ ಎಮ್ಮೆಗಳನ್ನೇ ನೋಡುತ್ತಾ ಕೂತಿರುತ್ತಿದ್ದವನು. ಪಾಳೆಯಗಾರರೆಂದರೆ ಯಾರು ಎಂಬ ಪ್ರಶ್ನೆಗೆ ‘ಪಾಳ್ಯದಲ್ಲಿ ಗಾರೆ ಕೆಲಸ ಮಾಡುವವರು’ ಎಂದು ಬರೆದು ಬಂದ ಧೀರ. ಅವನು ಅಂಗಡಿಯ ಮುಂದೆ ನಿಂತು ನಲವತ್ತು ನಿಮಿಷ ವಿಡಿಯೊ ಮಾಡಿ ಹಾಕಿದ್ದ. ಹಣೆಯ ತುಂಬ ವಿಭೂತಿ, ಕಣ್ಣಲ್ಲಿ ನೀರು. ನನ್ನ ಮೂವತ್ತೊಂದು ವರ್ಷದ ಪಾಠವನ್ನು ಒಟ್ಟು ಎಷ್ಟು ಜನ ಕೇಳಿದ್ದರೋ ಅದಕ್ಕಿಂತ ಹೆಚ್ಚು ಜನ ಅದನ್ನು ಒಂದೇ ದಿನದಲ್ಲಿ ನೋಡಿದ್ದರು. ಹೊಟ್ಟೆ ಉರಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮಂಗಳವಾರ ಅವನೇ ಮನೆಗೆ ಬಂದ, ಕೈಯಲ್ಲಿ ಮನವಿ ಪತ್ರ.

“ಮೇಡಂ, ಚಾನೆಲ್‌ನೋರಿಗೆ ಕೊಡ್ತಾ ಇದೀವಿ. ಕೊನೇ ಹತ್ತು ನಿಮ್ಷ ಮತ್ತೆ ಶೂಟಿಂಗ್ ಮಾಡ್ಬೇಕು. ರಾಣಿನ ಶಾಸ್ತ್ರವಾಗಿ ಕೂರ್ಸಿ ಮಣ್ ಮಾಡ್ಬೇಕು. ನೀವು ಹಿಸ್ಟರಿ ಟೀಚ್ರು, ಮೊದ್ಲು ಸೈನು ನಿಮ್ದೇ.”

“ಲೋ ಉಮೇಶ, ಆ ರಾಣಿ ಹುಟ್ಟೇ ಇಲ್ಲ ಕಣೋ. ಶುರುನಲ್ಲಿ ದಿನಾ ಹಾಕ್ತಾರೆ, ಇದು ಕಲ್ಪನೆ ಅಂತ. ಹುಟ್ದೇ ಇರೋಳನ್ನ ಎಲ್ಲಿ ಮಣ್ ಮಾಡ್ತೀಯ?”

ಅವನು ತಲೆ ಕೆರೆದುಕೊಂಡ. “ಹುಟ್ದೇ ಇರ್ಬೋದು ಮೇಡಂ. ಆದ್ರೂ ಸುಟ್ಟಿದ್ದು ತಪ್ಪಲ್ವಾ?”

ಬೈದು ಕಳಿಸುವ ಬದಲು ನಾನೇನು ಮಾಡಿದೆ ಗೊತ್ತೇ? ಅವನ ಮನವಿಯನ್ನು ಪೂರ್ತಿ ಹೊಡೆದು ಹಾಕಿ, ನಾನೇ ಕೂತು ಹೊಸದಾಗಿ ಬರೆದೆ. ‘ಒಂದು ಸಮುದಾಯದ ಅಂತ್ಯಸಂಸ್ಕಾರದ ಬಗ್ಗೆ ಸುಳ್ಳು ಚಿತ್ರಿಸುವುದು ಆ ಜನರ ನಂಬಿಕೆಗೆ ಮಾಡುವ ದ್ರೋಹ’ ಎಂದೆಲ್ಲ ಬರೆದು, ಕೆಳಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ. ಗಿರಿಜಾ, ನಿವೃತ್ತ ಇತಿಹಾಸ ಶಿಕ್ಷಕಿ. ಬೀದಿಯವರನ್ನೆಲ್ಲ ಹೀಯಾಳಿಸಿಕೊಂಡು ಓಡಾಡುತ್ತಿದ್ದವಳು ಅವರ ಪಟ್ಟಿಯ ತಲೆಯ ಮೇಲೆ ಹೋಗಿ ಕೂತೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ ನನ್ನನ್ನೊಂದು ಸಲ ನೋಡಿದರು. ಅವರಿಗೆ ಗೊತ್ತಿತ್ತು.

ಅದೇ ಮಧ್ಯಾಹ್ನ ಕುಣಿಗಲ್ಲಿನಿಂದ ಅಕ್ಕನ ಫೋನು ಬಂತು. ಅವಳು ಮಗಳ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ನಡುವೆ. ಧ್ವನಿ ಕುಗ್ಗಿತ್ತು.

“ಭಾನುವಾರದಿಂದ ಒಂದ್ ತುತ್ತೂ ಇಳೀತಿಲ್ಲ ಕಣೇ. ಆ ಬೆಂಕಿ ಕಣ್ಣಿಂದ ಹೋಗ್ತಾನೇ ಇಲ್ಲ.”

“ನಿಂಗೇನು ಹುಚ್ಚಾ ಅಕ್ಕ? ಅವ್ಳು ಇಷ್ಟೊತ್ಗೆ ಮೇಕಪ್ ತೊಳ್ಕೊಂಡು ಬಿರಿಯಾನಿ ತಿಂತಾ ಇರ್ತಾಳೆ.”

ಅಕ್ಕ ನಗಲಿಲ್ಲ. “ಅದು ನಂಗೂ ಗೊತ್ತು. ಅವ್ಳಿಗೋಸ್ಕರ ಅಲ್ಲ. ನಿಮ್ ಭಾವ ಜ್ಞಾಪಕ ಬಂದ್ರು. ಅಂಥ ಹಾಳು ಕಾಲದಲ್ಲೂ ಅವ್ರಿಗೆ ಅದೊಂದು ಆಗ್ಲಿಲ್ಲ. ನೀನಿದ್ದೆ, ಕೂರ್ಸಿ ಮಣ್ ಮಾಡ್ಸಿದೆ. ಇಲ್ದಿದ್ರೆ ನಾನು ಬದುಕ್ತಾ ಇರ್ಲಿಲ್ಲ ಕಣೇ ಗಿರಿಜಾ.”

ಈಗ ನೀವು ನನ್ನನ್ನು ಎಷ್ಟು ಬೇಕಾದರೂ ಬೈಯಬಹುದು. ಕೊರೊನಾದ ಎರಡನೆಯ ಅಲೆಯಲ್ಲಿ ಭಾವ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಕ್ಕ, ಮಗಳು, ಅಳಿಯ ಎಲ್ಲರೂ ಕುಣಿಗಲ್ಲಿನಲ್ಲಿ ಜ್ವರ ಹೊದ್ದು ಮಲಗಿದ್ದರು. ಹತ್ತಿರದವರು ಅಂತ ಇದ್ದವರು ನಾವಿಬ್ಬರೇ. ಮಣ್ಣು ಮಾಡುವುದಾದರೆ ಗುಂಡಿ ತೆಗೆಯುವವರು ಸಿಗಬೇಕು, ನಾಳೆ ಸಂಜೆವರೆಗೆ ಕಾಯಬೇಕು, ಸುಡುವುದಾದರೆ ಈಗಲೇ, ಯಾವುದು ಹೇಳಿ ಎಂದು ಕೇಳಿದರು. ಕೇಳಿದವರು ಮರ್ಯಾದೆಯಿಂದಲೇ ಕೇಳಿದರು. ನಮ್ಮ ಮನೆಯವರು ಕಾಯೋಣ ಅಂದರು. ನನಗೆ ಹೆದರಿಕೆ. ಆ ಗಾಳಿಯಿಂದ ಓಡಿ ಹೋಗಿ ತಲೆ ಮೇಲೆ ಬಿಸಿನೀರು ಹೊಯ್ದುಕೊಂಡರೆ ಸಾಕಾಗಿತ್ತು. ಈಗಲೇ ಆಗಲಿ ಎಂದು ನಾನೇ ಹೇಳಿದೆ, ನಾನೇ ಸಹಿ ಹಾಕಿದೆ. ಊರ ಹೊರಗೆ, ತಗಡಿನ ಚಪ್ಪರದ ಕೆಳಗೆ, ಬಿಳಿ ಬಟ್ಟೆಯೊಳಗೆ ಮುಖ ಕಾಣದ ಯಾರೋ ಬೆಂಕಿ ಇಟ್ಟರು. ಬೂದಿ ಕೇಳುವುದಕ್ಕೂ ನಾನು ತಿರುಗಿ ಹೋಗಲಿಲ್ಲ.

ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಬೇರೆ. ಕೂರಿಸಿ ಮಣ್ಣು ಮಾಡಿದರು ಅಂದೆ. ಒಬ್ಬರು ಅಯ್ಯನವರು ದೂರದಲ್ಲಿ ನಿಂತು ಮಂತ್ರ ಹೇಳಿದರು ಅಂದೆ. ಲಿಂಗ ಎಡಗೈಯಲ್ಲೇ ಇತ್ತು, ಬಿಲ್ವಪತ್ರೆ ನಾನೇ ಒಯ್ದಿದ್ದೆ ಅಂದೆ. ಪಾಠ ಹೇಳಿ ಹೇಳಿ ಅಭ್ಯಾಸವಲ್ಲವೇ, ಕೇಳುವವರು ನಂಬುವಂತೆ ಯಾವ ವಿವರ ಎಲ್ಲಿ ಇಡಬೇಕೆಂದು ನನಗೆ ಚೆನ್ನಾಗಿ ಬರುತ್ತದೆ. ಓಡಾಟ ಶುರುವಾದ ಮೇಲೆ ಅವಳು ಬಂದು ಜಾಗ ತೋರಿಸು ಅಂದಾಗ, ದೇವರಾಯನದುರ್ಗದ ರಸ್ತೆಯಲ್ಲಿ ಆಟೊ ನಿಲ್ಲಿಸಿ, ಒಂದು ಹೊಂಗೆ ಮರದ ಬುಡ ತೋರಿಸಿದೆ. ಆ ಮರಕ್ಕೂ ಭಾವನಿಗೂ ಏನೂ ಸಂಬಂಧವಿಲ್ಲ. ಅವತ್ತಿನಿಂದ ಪ್ರತಿ ವರ್ಷ ಅಕ್ಕ ಬರುತ್ತಾಳೆ. ಆ ಬುಡಕ್ಕೆ ನೀರು ಹಾಕಿ, ವಿಭೂತಿ ಇಟ್ಟು, ಪತ್ರೆ ಹಾಕಿ, ಸೆರಗೊಡ್ಡಿ ಕೈಮುಗಿಯುತ್ತಾಳೆ. ನಾನು ಪಕ್ಕದಲ್ಲಿ ಛತ್ರಿ ಹಿಡಿದು ನಿಂತಿರುತ್ತೇನೆ.

ಧಾರಾವಾಹಿಯವನು ಇಲ್ಲದ ರಾಣಿಯನ್ನು ಸುಟ್ಟ. ಅವನ ಮೇಲೆ ಮನವಿ ಬರೆಯುವ ಯೋಗ್ಯತೆ ನನ್ನದು.

ಅಕ್ಕನ ಮಾತು ಅಲ್ಲಿಗೆ ಮುಗಿದಿರಲಿಲ್ಲ. “ನಂಗೊಂದು ಅನ್ನಿಸ್ತು ಕಣೇ. ನಾನಿರೋವರ್ಗೂ ಸರಿ, ಆಮೇಲೆ ಆ ಜಾಗ ಯಾರಿಗೆ ಗೊತ್ತಿರುತ್ತೆ? ಒಂದ್ ಕಲ್ಲು ನೆಡ್ಸೋಣ. ಇಲ್ಲಿ ಕಲ್ಲು ಕೆಲ್ಸದೋನಿಗೆ ಹೇಳಿದೀನಿ. ಮೇಲೆ ಏನ್ ಕೆತ್ತಬೇಕು ಅಂತ ನೀನೇ ಬರ್ಕೊಡು. ಶಾಸನ ಎಲ್ಲ ಪಾಠ ಮಾಡ್ತಿದ್ಯಲ್ಲ.”

ಸೋಮವಾರ ಬರುತ್ತೇನೆ, ಅಳತೆ ನೋಡೋಣ ಎಂದು ಫೋನಿಟ್ಟಳು. ನಾನು ಕೂತೇ ಇದ್ದೆ. ನಮ್ಮ ಮನೆಯವರು ಪೇಪರು ಮಡಿಸಿ ಪಕ್ಕಕ್ಕಿಟ್ಟರು.

“ಬಾಯಲ್ಲಿ ಹೇಳಿದ್ದಾದ್ರೆ ಇವತ್ತಲ್ಲ ನಾಳೆ ತಿದ್ಬೋದು. ತಪ್ಪು ಜಾಗದಲ್ಲಿ ಕಲ್ಲು ನೆಟ್ರೆ ಅದೇ ಗಡಿ ಆಗೋಗುತ್ತೆ. ಸರ್ವೀಸಲ್ಲಿ ನೋಡಿಲ್ವಾ ನಾನು. ಹೇಳ್ಬಿಡು ಗಿರಿಜಾ,” ಅಂದರು.

“ಅವ್ಳು ಬದುಕಲ್ಲ ಅಂದ್ಳು ಕಣ್ರೀ.”

“ಬದುಕ್ತಾರೆ. ನಿನ್ ಜೊತೆ ಮಾತಾಡದೆ ಇರ್ಬೋದು, ಅಷ್ಟೇ.”

ನನ್ನ ಹೆದರಿಕೆ ಅದೇ ಆಗಿತ್ತು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಕಣೇ ಎಂದು ಕರೆಯುವವಳು ಅವಳೊಬ್ಬಳೇ.

ಸೋಮವಾರ ಅಕ್ಕ ಬಂದಳು. ಕೈಚೀಲದಲ್ಲಿ ತಂಬಿಗೆ, ವಿಭೂತಿ ಗಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪತ್ರೆ, ಅದರ ಜೊತೆಗೆ ಟೈಲರಿನ ಒಂದು ಅಳತೆ ಟೇಪು. ಆಟೊದಲ್ಲಿ ದಾರಿಯುದ್ದಕ್ಕೂ ಕಲ್ಲಿನ ಬಗ್ಗೆಯೇ ಮಾತು. ಎಷ್ಟು ಎತ್ತರ ಇರಲಿ, ಲಿಂಗದ ಚಿತ್ರ ಕೆತ್ತಿಸೋಣವೇ, ದೀಪಕ್ಕೆ ಗೂಡು ಮಾಡಿಸೋಣವೇ. ಮರದ ಹತ್ತಿರ ಇಳಿದು ಎಂದಿನಂತೆ ನೀರು ಹಾಕಿದಳು. ತರಗೆಲೆ ಬಳಿದಳು. ಟೇಪು ಬಿಚ್ಚಿ ಒಂದು ತುದಿ ನನ್ನ ಕೈಗೆ ಕೊಟ್ಟಳು.

“ಕಲ್ಲು ಅವ್ರ ಮುಖದ ಕಡೆ ಬರ್ಬೇಕು,” ಅಂದಳು. “ಯಾವ್ ಕಡೆ ಮುಖ ಮಾಡಿ ಕೂರ್ಸಿದ್ರು?”

ಇದೊಂದನ್ನು ನಾನು ಮೊದಲೇ ಕಟ್ಟಿ ಇಟ್ಟುಕೊಂಡಿರಲಿಲ್ಲ. ಉತ್ತರಕ್ಕೆ ಎಂದರೆ ಮುಗಿಯುತ್ತಿತ್ತು, ನಾಲಿಗೆಯ ತುದಿಗೆ ಬಂದೂ ಇತ್ತು. ಟೇಪು ನನ್ನ ಕೈಯಿಂದ ಜಾರಿತು.

“ಅಕ್ಕ, ಇಲ್ಲಿ ಯಾರೂ ಇಲ್ಲ,” ಅಂದೆ. “ಭಾವನ್ನ ಇಲ್ಲಿ ತರ್ಲೇ ಇಲ್ಲ. ಊರಾಚೆ ತಗಡಿನ ಚಪ್ರದ ಕೆಳಗೆ ಸುಟ್ರು. ಕಾಯಕ್ಕಾಗಲ್ಲ, ಈಗ್ಲೇ ಆಗ್ಲಿ ಅಂತ ಹೇಳಿದ್ದು ನಾನೇ.”

ಅವಳು ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಟೇಪನ್ನು ಸುತ್ತತೊಡಗಿದಳು. ಸುತ್ತಿ ಮುಗಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಲಿಂಗ?” ಎಂದು ಕೇಳಿದಳು.

“ಕೊರಳಲ್ಲೇ ಇತ್ತು.”

“ಅಯ್ನೋರು?”

“ಯಾರೂ ಇರ್ಲಿಲ್ಲ.”

“ನೀನು?”

“ಇದ್ದೆ ಅಕ್ಕ. ದೂರದಲ್ಲಿ.”

ಅವಳು ಸ್ವಲ್ಪ ಹೊತ್ತು ಆ ಹೊಂಗೆ ಮರವನ್ನೇ ನೋಡಿದಳು. ಒದ್ದೆ ಬಟ್ಟೆಯಲ್ಲಿದ್ದ ಪತ್ರೆಯನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಾ, ಅಡುಗೆ ಆಗಿದೆ ಅಂದೆ. ಬರುವುದಿಲ್ಲ ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು, ಆದರೆ ನನ್ನ ಕಡೆ ತಿರುಗಲಿಲ್ಲ. ಬಸ್ಸು ಹೋದ ಮೇಲೆ ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದಲ್ಲಿದ್ದವಳು ಯಾರೋ, ಧಾರಾವಾಹಿ ವಿಷಯವೇ ಇರಬೇಕು ಎಂದುಕೊಂಡು, “ನಮ್ಗೂ ಹಂಗೇ ಆಯ್ತಕ್ಕ,” ಅಂದಳು.

ಮೂರು ವಾರ ಅವಳು ಫೋನೆತ್ತಲಿಲ್ಲ. ಮಗಳು ಎತ್ತಿ, ಅಮ್ಮ ಮಲಗಿದಾರೆ ಚಿಕ್ಕಮ್ಮ, ಅಮ್ಮ ಪೂಜೇಲಿದಾರೆ ಚಿಕ್ಕಮ್ಮ ಎಂದು ಹೇಳಿ ಇಡುತ್ತಿದ್ದಳು.

ಇತ್ತ ಬಟವಾಡಿಯಲ್ಲಿ ಹಬ್ಬ. ಮನವಿ ಗೆದ್ದಿತ್ತು. ವೀಕ್ಷಕ ಪ್ರಭುಗಳ ಭಾವನೆಗೆ ತಲೆಬಾಗಿ ಕೊನೆಯ ಭಾಗವನ್ನು ಮತ್ತೆ ಚಿತ್ರೀಕರಿಸಿ ಮುಂದಿನ ಭಾನುವಾರ ಪ್ರಸಾರ ಮಾಡುತ್ತೇವೆ ಎಂದು ಚಾನೆಲ್ಲಿನವರು ಹೇಳಿಕೆ ಕೊಟ್ಟರು. ಉಮೇಶ ಅಂಗಡಿಯ ಮುಂದೆ ಮೈಸೂರುಪಾಕು ಹಂಚಿದ. ಹೊಸ ವಿಡಿಯೊದಲ್ಲಿ ನನ್ನ ಹೆಸರು ಹೇಳಿ, ಸತ್ಯಕ್ಕಾಗಿ ಹೋರಾಡಿದ ನಮ್ಮ ಗುರುಗಳು ಎಂದ. ಬೀದಿಯಲ್ಲಿ ಕಂಡವರೆಲ್ಲ ಕೈಮುಗಿದರು. ಮೂವತ್ತೊಂದು ವರ್ಷದಲ್ಲಿ ಸಿಗದ ಮರ್ಯಾದೆ ಒಂದು ಸುಳ್ಳು ರಾಣಿಯ ಮಣ್ಣಿನಿಂದ ಸಿಕ್ಕಿತು. ಇಂಜಿನಿಯರು ಮಾತ್ರ, ಮಣ್ಣು ಮಾಡಿದ್ದೂ ದಾಸಿಯನ್ನೇ ಎಂಬ ತಮ್ಮ ವಾದ ಬಿಟ್ಟುಕೊಡಲಿಲ್ಲ.

ಭಾನುವಾರ ವಿಮಲಮ್ಮ ಮಿಂದು ಮಡಿಯುಟ್ಟು ಬಂದು ಕೂತರು. ಈ ಸಲ ಎಲ್ಲವೂ ಸರಿಯಾಗಿತ್ತು. ಪದ್ಮಾಸನ, ಎಡಗೈಯಲ್ಲಿ ಲಿಂಗ, ವಿಭೂತಿ, ಪತ್ರೆ, ಅಯ್ಯನವರು, ಹಿಡಿ ಹಿಡಿ ಮಣ್ಣು. ಯಾರನ್ನೋ ಕೇಳಿ ತಿಳಿದುಕೊಂಡೇ ಮಾಡಿದ್ದರು. ಗೀಟು ಎಳೆಯುವಂಥದ್ದು ಒಂದೂ ಸಿಗಲಿಲ್ಲ. ಕ್ಯಾಮೆರಾ ಹತ್ತಿರ ಹೋದಾಗ ರಾಣಿಯ ರೆಪ್ಪೆ ಅದುರಿದ್ದನ್ನು ಬಿಟ್ಟರೆ, ನಾನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ಅಕ್ಷರ ಅಕ್ಷರವಾಗಿ ಟಿವಿಯಲ್ಲಿ ನಡೆಯುತ್ತಿತ್ತು. ನಾನು ನೋಟ್‌ಬುಕ್ಕು ಮುಚ್ಚಿಟ್ಟೆ.

“ಈಗ ನೆಮ್ದಿ ಆಯ್ತು ಮೇಡಂ,” ಅಂದರು ವಿಮಲಮ್ಮ, ಕಣ್ಣೊರೆಸಿಕೊಳ್ಳುತ್ತಾ. “ಮೊದ್ಲು ಸುಟ್ಟಿದ್ನ ಮರ್ತೇ ಹೋಯ್ತು ನೋಡಿ.”

ಇಂಥ ಜನ. ಮೂರು ವಾರ ಊರೆಲ್ಲ ಹೊತ್ತಿ ಉರಿದು, ಹತ್ತು ನಿಮಿಷ ಮಣ್ಣು ತೋರಿಸಿದರೆ ಮರೆತೇ ಹೋಗುತ್ತದೆ. ನನಗೆ ಅವರ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಅಷ್ಟು ಸಲೀಸಾಗಿ ನನಗೂ ಮರೆಯುವಂತಿದ್ದರೆ ಎಂದು.

ಅವರು ಮಹಡಿ ಹತ್ತಿ ಹೋಗುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಅಕ್ಕ.

“ಟಿವಿ ನೋಡಿದ್ಯಾ?” ಎಂದಳು, ಹೇಗಿದ್ದೀಯ ಎಂದೂ ಕೇಳದೆ.

“ನೋಡ್ದೆ. ನೀನು?”

“ಇಲ್ಲೂ ಹಾಕಿದ್ರು. ನಾನು ಎದ್ದೋಗಿ ಅಡುಗೆಮನೇಲಿ ಕೂತ್ಕೊಂಡೆ. ರಾಣಿನ ಸುಟ್ಟಿದ್ದನ್ನ ಎದುರಿಗೇ ನೋಡಿದೀನಿ. ಈಗ ಬಂದು, ಇಲ್ಲ, ಕೂರ್ಸಿ ಮಣ್ ಮಾಡಿದ್ವಿ ಅಂದ್ರೆ ನಂಬಕ್ಕೆ, ನಾನು ಒಂದ್ಸಲ ನಂಬಿದ್ದು ಸಾಲ್ದಾ?”

ಆ ಕಡೆ ಕುಕ್ಕರಿನ ಸದ್ದು ಕೇಳುತ್ತಿತ್ತು. ಅವಳು ಫೋನಿಡುತ್ತಾಳೇನೋ ಎಂದು ಕಿವಿಗೆ ಒತ್ತಿ ಹಿಡಿದುಕೊಂಡೆ.

“ಆ ತಗಡಿನ ಚಪ್ರ ಇನ್ನೂ ಇದ್ಯಾ?” ಎಂದಳು.

“ಇದೆ ಅಕ್ಕ.”

“ನಾಳೆ ಬರ್ತೀನಿ. ಪತ್ರೆ ನಾನೇ ತರ್ತೀನಿ, ನೀನೇನೂ ತರ್ಬೇಡ. ಅವ್ರನ್ನ ಮಲಗ್ಸಿದ್ ಜಾಗ ತೋರ್ಸು.” ಫೋನಿಡದೆ ಮತ್ತೆ ಅಂದಳು: “ಆಮೇಲೆ ನೀನು ನಿಂತಿದ್ಯಲ್ಲ, ದೂರದಲ್ಲಿ, ಆ ಜಾಗಾನೂ ತೋರ್ಸು. ಎಷ್ಟು ದೂರ ಅಂತ ನಾನು ನೋಡ್ಬೇಕು.”